ರೋಗಿಯ ಬಳಿ ಕುಳಿತುಕೊಳ್ಳುವುದನ್ನೂ ಕಲಿಯಬೇಕು

ಹಲಗೇರಿಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಆ ಸುದ್ದಿ ಹರಡಲು ಒಂದು ನಮಾಝಿನಿಂದ ಇನ್ನೊಂದು ನಮಾಝಿನವರೆಗಿನ ಹೊತ್ತು ಸಾಕು. ರಾಣೆಬೆನ್ನೂರಿನ ಆಸ್ಪತ್ರೆಗೆ ಸೇರಿಸಿದ್ದಾರೆಂದರೆ ಅಸರ್ ಮುಗಿಸಿ ಬಸ್ಸು ಹತ್ತುತ್ತೇವೆ. ಅಲ್ಲಿಂದ ಹಾವೇರಿಗೋ ದಾವಣಗೆರೆಗೋ ಹುಬ್ಬಳ್ಳಿಗೋ ಕಳುಹಿಸಿದರೆಂದರೆ ನಾಲ್ಕಾರು ಮಂದಿ ಸೇರಿ ಗಾಡಿ ಮಾಡಿಕೊಂಡು ಹೋಗುತ್ತೇವೆ. ಕೈಯಲ್ಲಿ ಬಾಳೆಹಣ್ಣು, ಬ್ರೆಡ್ಡು, ಎಳನೀರು. ರೋಗಿಯನ್ನು ನೋಡಿ ಬಾರದವನನ್ನು ಊರಲ್ಲಿ ಯಾರೂ ಒಳ್ಳೆಯವನೆನ್ನುವುದಿಲ್ಲ. ನಮ್ಮ ಸಮಾಜದಲ್ಲಿ ಇನ್ನೂ ಉಳಿದಿರುವ ಒಳ್ಳೆಯ ಗುಣಗಳಲ್ಲಿ ಇದೂ ಒಂದು. ಇದಕ್ಕಾಗಿ ಅಲ್ಲಾಹನಿಗೆ ಕೃತಜ್ಞರಾಗಿರೋಣ. ಆದರೆ ಮಂಚದ ಬಳಿ ಹೋದ ಮೇಲೆ ನಾವು ಮಾಡುವುದೇನು? ಅಲ್ಲಿ ನಮ್ಮ ಬಾಯಿಂದ ಬರುವ ಮಾತುಗಳೆಂಥವು?

ಈ ಬರಹಕ್ಕೆ ಕಾರಣವಾದ ಒಂದು ಘಟನೆಯನ್ನು ಮೊದಲೇ ಹೇಳಿಬಿಡುತ್ತೇನೆ. ಅದರಲ್ಲಿ ತಪ್ಪಿತಸ್ಥರು ಬೇರೆ ಯಾರೂ ಅಲ್ಲ, ನಾನು ಮತ್ತು ನನ್ನ ಜೊತೆಗೆ ಬಂದವರು.

ಕೆಲವು ವರ್ಷಗಳ ಹಿಂದೆ ನಮ್ಮ ಚಾಚಾರನ್ನು ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದರು. ಸಕ್ಕರೆ ಕಾಯಿಲೆಯಿಂದ ಪಾದದ ಹುಣ್ಣು ಕೊಳೆತು, ಮೊಣಕಾಲಿನ ಕೆಳಗೆ ಕಾಲನ್ನು ತೆಗೆದಿದ್ದರು. ಮೂತ್ರಕ್ಕೆ ನಳಿಗೆ ಹಾಕಿ ಮಂಚದ ಬದಿಗೆ ಚೀಲ ತೂಗುಬಿಟ್ಟಿದ್ದರು. ನಾವು ಐದು ಮಂದಿ ಹೋದೆವು. ಸಲಾಮ್ ಹೇಳಿ ಮುಗಿಯುವುದರೊಳಗೆ ನಮ್ಮಲ್ಲೊಬ್ಬರು, ಇದು ಪಾಪ ತೊಳೆಯುವ ಕಾಯಿಲೆ, ಸಬ್ರ್ ಮಾಡಬೇಕು ಎಂದು ಉಪದೇಶ ಆರಂಭಿಸಿದರು. ಇನ್ನೊಬ್ಬರು ತಮ್ಮ ಪರಿಚಯದವರಿಗೆ ಹೀಗೇ ಆಗಿ ಮುಂದೆ ಎರಡನೆಯ ಕಾಲೂ ಹೋದ ಕಥೆ ತೆಗೆದರು. ಚಾಚಾ ಸುಮ್ಮನೆ ಕೇಳುತ್ತಿದ್ದರು. ಕೊನೆಗೆ ನನ್ನ ಕಡೆ ತಿರುಗಿ, “ಬೇಟಾ, ಈ ಚೀಲ ಇಟ್ಕೊಂಡು ನಮಾಝ್ ಆಗತೈತೇನು?” ಎಂದರು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. “ಮೈ ನಾಪಾಕ್ ಇರತೈತಲ್ಲ ಚಾಚಾ, ಮನಿಗೆ ಬಂದ ಮ್ಯಾಲೆ ಕಝಾ ಮಾಡೀರಂತ” ಎಂದುಬಿಟ್ಟೆ. ಉಳಿದವರೂ ಹೌದೆಂದು ತಲೆಯಾಡಿಸಿದರು.

ಚಾಚಾ ಮನೆಗೆ ಬರಲಿಲ್ಲ. ನಾವು ನೋಡಿ ಬಂದ ಹದಿನೇಳನೆಯ ದಿನ, ನಂಜು ರಕ್ತಕ್ಕೇರಿ ಅಲ್ಲೇ ತೀರಿಕೊಂಡರು. ಹತ್ತಿರದ ಮಸೀದಿಯ ಅಝಾನ್ ಕೇಳಿದಾಗಲೆಲ್ಲ ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು ಎಂದು ಚಾಚಿ ಆಮೇಲೆ ಹೇಳಿದರು. ನಲವತ್ತು ವರ್ಷ ಫಜ್ರ್ ತಪ್ಪಿಸದ ಮನುಷ್ಯ ಬದುಕಿನ ಕೊನೆಯ ದಿನಗಳನ್ನು ನಮಾಝಿಲ್ಲದೆ ಕಳೆದರು. ಅದೂ ನನ್ನ ಮಾತನ್ನು ನಂಬಿ.

ಅನಂತರ ಆಲಿಮರೊಬ್ಬರನ್ನು ಕೇಳಿದೆ. ಅವರ ಉತ್ತರ ಐದು ನಿಮಿಷದ್ದು. ಮೂತ್ರ ತಡೆದುಕೊಳ್ಳಲಾಗದವನು, ನಳಿಗೆ ಹಾಕಿಸಿಕೊಂಡವನು ‘ಮಅ್‌ಝೂರ್’, ಅಂದರೆ ವಿನಾಯಿತಿ ಉಳ್ಳವನು. ಹನಫೀ ಮಝ್‌ಹಬಿನ ಪ್ರಕಾರ ಅವನು ಪ್ರತಿಯೊಂದು ನಮಾಝಿನ ವೇಳೆ ಬಂದಾಗ ಒಂದು ಸಲ ವುಝೂ ಮಾಡಿ, ಆ ವೇಳೆ ಮುಗಿಯುವವರೆಗೆ ಅದೇ ವುಝೂವಿನಲ್ಲಿ ನಮಾಝ್ ಮಾಡಬಹುದು, ಚೀಲ ಅಡ್ಡಿಯಲ್ಲ. ನೀರು ಮುಟ್ಟಿದರೆ ಗಾಯಕ್ಕೆ ಹಾನಿ ಎಂದಾದರೆ ತಯಮ್ಮುಮ್ ಇದೆ. ಕುಳಿತುಕೊಳ್ಳಲಾಗದಿದ್ದರೆ ಮಲಗಿ, ತಲೆಯ ಸನ್ನೆಯಿಂದ ರುಕೂ ಸಜ್ದಾ ಮಾಡಬಹುದು. ಮಂಚವನ್ನು ಕಿಬ್ಲಾದತ್ತ ತಿರುಗಿಸಲು ಸಾಧ್ಯವಿಲ್ಲವೆಂದರೆ ಸಾಧ್ಯವಾದ ದಿಕ್ಕೇ ಸಾಕು. ಇವೆಲ್ಲ ಫಿಕ್‌ಹ್‌ನ ಮೊದಲ ಪಾಠಗಳಲ್ಲೇ ಇರುವ ವಿಷಯಗಳು. ಮದ್ರಸಾದಲ್ಲಿ ನಾವು ಓದಿಯೂ ಇದ್ದೆವು. ಆದರೆ ಆಸ್ಪತ್ರೆಯ ಮಂಚದ ಬಳಿ ಅದನ್ನು ನೆನಪಿಸಿಕೊಂಡು ಹೇಳುವ ಅಭ್ಯಾಸ ಯಾರಿಗೂ ಇರಲಿಲ್ಲ.

ಸುನನ್ ಅಬೂದಾವೂದ್‌ನಲ್ಲಿ ಹ. ಜಾಬಿರ್(ರ) ವರದಿ ಮಾಡಿರುವ ಒಂದು ಘಟನೆಯಿದೆ. ಪ್ರಯಾಣದಲ್ಲಿ ಒಬ್ಬರಿಗೆ ಕಲ್ಲು ಬಡಿದು ತಲೆಗೆ ಗಾಯವಾಯಿತು. ಅನಂತರ ಅವರಿಗೆ ಸ್ನಾನ ಕಡ್ಡಾಯವಾಗುವ ಸ್ಥಿತಿಯೂ ಬಂತು. ತಯಮ್ಮುಮ್ ಮಾಡಬಹುದೇ ಎಂದು ಸಂಗಡಿಗರನ್ನು ಕೇಳಿದರು. ನೀರು ಇರುವಾಗ ನಿನಗೆ ವಿನಾಯಿತಿ ಇಲ್ಲವೆಂದರು ಅವರು. ಅವರು ಸ್ನಾನ ಮಾಡಿ ತೀರಿಕೊಂಡರು. ಸುದ್ದಿ ತಿಳಿದಾಗ ಪ್ರವಾದಿವರ್ಯರು(ಸ) ಬಹಳ ನೊಂದು, ಅವನನ್ನು ಕೊಂದವರು ಆ ಸಂಗಡಿಗರೇ ಎಂಬಷ್ಟು ಕಠಿಣವಾಗಿ ನುಡಿದರು. ಅರಿಯದವನಿಗೆ ಕೇಳಿ ತಿಳಿಯುವುದೇ ಔಷಧ ಎಂದೂ ತಿಳಿಸಿದರು. ಆ ಸಂಗಡಿಗರು ದುಷ್ಟರಾಗಿರಲಿಲ್ಲ ಎಂಬುದನ್ನು ಗಮನಿಸಿರಿ. ಅವರು ಧರ್ಮನಿಷ್ಠರು; ಧರ್ಮದ ಮೇಲಿನ ಕಾಳಜಿಯಿಂದಲೇ ಹಾಗೆ ಹೇಳಿದರು. ಈ ಹದೀಸನ್ನು ಓದಿದಾಗಲೆಲ್ಲ ನನಗೆ ಚಾಚಾರ ಮಂಚದ ಸುತ್ತ ನಿಂತ ನಾವು ಐವರು ಕಣ್ಣಿಗೆ ಕಟ್ಟುತ್ತೇವೆ.

ರೋಗಿಯ ಸಂದರ್ಶನದ ಪುಣ್ಯದ ಬಗ್ಗೆ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಅದು ಮುಸ್ಲಿಮನ ಮೇಲೆ ಮುಸ್ಲಿಮನಿಗಿರುವ ಹಕ್ಕು ಎಂಬುದನ್ನು ಪ್ರತಿಯೊಂದು ಮಗುವೂ ಬಲ್ಲುದು. ಆದರೆ ಪ್ರವಾದಿವರ್ಯರು(ಸ) ರೋಗಿಯ ಬಳಿ ಹೇಗೆ ವರ್ತಿಸುತ್ತಿದ್ದರು ಎಂಬುದನ್ನು ನಾವು ಅಷ್ಟು ಗಮನವಿಟ್ಟು ಓದುವುದಿಲ್ಲ. ಹ. ಸಅದ್ ಬಿನ್ ಅಬೀ ವಕ್ಕಾಸ್(ರ) ಮಕ್ಕಾದಲ್ಲಿ ಕಾಯಿಲೆ ಬಿದ್ದು ಸಾಯುವ ಭಯದಲ್ಲಿದ್ದಾಗ ಪ್ರವಾದಿವರ್ಯರು(ಸ) ಅವರ ಹಣೆಯ ಮೇಲೆ ಕೈಯಿಟ್ಟರು, ಮುಖವನ್ನೂ ಹೊಟ್ಟೆಯನ್ನೂ ಸವರಿ ಪ್ರಾರ್ಥಿಸಿದರು. ಆ ಕೈಯ ತಂಪು ಬಹುಕಾಲದ ಮೇಲೂ ತಮಗೆ ಅನುಭವವಾಗುತ್ತಿದೆ ಎಂದು ಸಅದ್(ರ) ಹೇಳುತ್ತಿದ್ದರು. ಅವರು ತಮ್ಮ ಆಸ್ತಿಯ ಚಿಂತೆ ತೋಡಿಕೊಂಡಾಗ ಪ್ರವಾದಿವರ್ಯರು(ಸ) ಅದನ್ನು ಲೌಕಿಕ ಮಾತೆಂದು ತಳ್ಳಿಹಾಕಲಿಲ್ಲ. ಎಷ್ಟು ದಾನ ಮಾಡಬಹುದು, ವಾರಸುದಾರರಿಗೆ ಎಷ್ಟು ಉಳಿಸಬೇಕು ಎಂದು ಕೂತು ಲೆಕ್ಕ ಹೇಳಿದರು. ಮೂರನೆಯ ಒಂದು ಭಾಗವೇ ಹೆಚ್ಚು ಎಂದರು. ಹ. ಇಮ್ರಾನ್ ಬಿನ್ ಹುಸೈನ್(ರ) ಮೂಲವ್ಯಾಧಿಯಿಂದ ಬಳಲುತ್ತಿದ್ದಾಗ ಅವರಿಗೆ ಸಿಕ್ಕಿದ್ದು ಉಪದೇಶವಲ್ಲ, ನಿಂತು ಆಗದಿದ್ದರೆ ಕುಳಿತು, ಕುಳಿತೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಮಾಝ್ ಮಾಡುವ ದಾರಿ.

ಇನ್ನೊಂದು ಪ್ರಸಂಗ ಬುಖಾರಿಯಲ್ಲಿದೆ. ಜ್ವರದಿಂದ ಮಲಗಿದ್ದ ವೃದ್ಧ ಗ್ರಾಮೀಣ ಅರಬನೊಬ್ಬನನ್ನು ಪ್ರವಾದಿವರ್ಯರು(ಸ) ಕಾಣಹೋಗಿ, ಚಿಂತೆಯಿಲ್ಲ, ಅಲ್ಲಾಹನಿಚ್ಛಿಸಿದರೆ ಇದು ಶುದ್ಧೀಕರಣವೆಂದು ಸಮಾಧಾನ ಹೇಳಿದರು. ಆತ ಒಪ್ಪಲಿಲ್ಲ. ಇದು ಮುದುಕನನ್ನು ಗೋರಿಗೆ ಒಯ್ಯುವ ಕುದಿಯುವ ಜ್ವರ ಎಂದುಬಿಟ್ಟ. ಹಾಗಾದರೆ ಹಾಗೆಯೇ ಎಂದರು ಪ್ರವಾದಿವರ್ಯರು(ಸ). ವ್ಯಾಖ್ಯಾನಕಾರರು ಈ ಉತ್ತರದಲ್ಲಿ ನಿರಾಶೆಯ ವಿರುದ್ಧ ಎಚ್ಚರಿಕೆಯನ್ನೂ ಕಂಡಿದ್ದಾರೆ. ಅದೇನೇ ಇರಲಿ, ಮಂಚದ ಬಳಿ ವಾದ ನಡೆಯಲಿಲ್ಲ ಎಂಬುದು ಸ್ಪಷ್ಟ. ನಮ್ಮಲ್ಲಿ ರೋಗಿ “ನಾನು ಉಳಿಯೋದಿಲ್ಲ” ಎಂದರೆ ಸಾಕು, ಅವನ ಈಮಾನ್ ಕುಂದಿತೆಂದು ಹತ್ತು ಮಂದಿ ಮೇಲೆ ಬೀಳುತ್ತೇವೆ. ಹ. ಅಯ್ಯೂಬ್(ಅ) ತಮಗೆ ಕಷ್ಟ ತಟ್ಟಿದೆಯೆಂದು ಅಲ್ಲಾಹನ ಮುಂದೆ ಮೊರೆಯಿಟ್ಟರು. ಆದರೂ ಕುರ್‌ಆನ್ ಅವರನ್ನು ಸಹನಶೀಲರೆಂದೇ ಹೊಗಳಿತು. ಹ. ಯಅ್‌ಕೂಬ್(ಅ) ಮಗನಿಗಾಗಿ ಕಣ್ಣು ಬೆಳ್ಳಗಾಗುವವರೆಗೆ ಕೊರಗಿದರು. ನೋವೆಂದು ನರಳುವುದು ಸಬ್ರ್‌ಗೆ ವಿರುದ್ಧವಲ್ಲ. ಸಬ್ರ್ ಎಂಬುದು ರೋಗಿಯ ಬಾಯಿ ಮುಚ್ಚಿಸಲು ಇರುವ ಶಬ್ದವೂ ಅಲ್ಲ.

ರೋಗಿಯ ಶರೀರದ ಜೊತೆಗೆ ಮನಸ್ಸನ್ನೂ ನೋಡಿಕೊಳ್ಳುವುದು ನಮ್ಮ ಪರಂಪರೆಗೆ ಹೊಸತಲ್ಲ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಹ. ಸಅದ್ ಬಿನ್ ಮುಆಝ್(ರ)ರಿಗಾಗಿ ಪ್ರವಾದಿವರ್ಯರ(ಸ) ಮಸೀದಿಯಲ್ಲೇ ಡೇರೆ ಹಾಕಲಾಗಿತ್ತು, ಹತ್ತಿರದಿಂದಲೇ ಹೋಗಿ ವಿಚಾರಿಸಲು ಸಾಧ್ಯವಾಗಲಿ ಎಂದು. ಗಾಯಾಳುಗಳ ಶುಶ್ರೂಷೆಗೆ ಹೆಸರಾದವರು ರುಫೈದಾ(ರ) ಎಂಬ ಸಹಾಬಿ ಮಹಿಳೆ. ಕ್ರಿ.ಶ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್‌ಬಲ್ಖೀ ಶರೀರದ ಆರೋಗ್ಯ ಮತ್ತು ಮನಸ್ಸಿನ ಆರೋಗ್ಯ ಎರಡನ್ನೂ ಒಂದೇ ಗ್ರಂಥದಲ್ಲಿ ಚರ್ಚಿಸಿದರು. ಕೈರೋದಲ್ಲಿ ಸುಲ್ತಾನ್ ಕಲಾವೂನ್ 1284ರಲ್ಲಿ ಕಟ್ಟಿಸಿದ ಆಸ್ಪತ್ರೆ ವಕ್ಫ್ ಆಸ್ತಿಯ ಆದಾಯದಿಂದ ನಡೆಯುತ್ತಿತ್ತು. ಇವನ್ನೆಲ್ಲ ಸಭೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಅಭಿಮಾನ ಸರಿಯೇ, ಆದರೆ ಇಂದು ಈ ಕೆಲಸವನ್ನು ಶಾಸ್ತ್ರೀಯವಾಗಿ ಕಲಿಸುತ್ತಿರುವವರು ಹೆಚ್ಚಾಗಿ ಬೇರೆಯವರು.

ಕ್ರೈಸ್ತರ ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಗಳ ಆಧ್ಯಾತ್ಮಿಕ ಸಾಂತ್ವನಕ್ಕೆಂದೇ ನೇಮಕವಾದವರಿರುತ್ತಾರೆ. ಇಂಗ್ಲಿಷಿನಲ್ಲಿ ಇವರನ್ನು ಚಾಪ್ಲೇನ್ ಎನ್ನುತ್ತಾರೆ. ನಮ್ಮವರೂ ಚಿಕಿತ್ಸೆಗೆ ಹೋಗುವ ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ, ಬೆಂಗಳೂರಿನ ಸೇಂಟ್ ಜಾನ್ಸ್ ಮತ್ತು ಬ್ಯಾಪ್ಟಿಸ್ಟ್ ಆಸ್ಪತ್ರೆಗಳಲ್ಲಿ ಇಂಥವರನ್ನು ನೋಡಬಹುದು. ಧರ್ಮಗ್ರಂಥ ಓದಿದ ಮಾತ್ರಕ್ಕೆ ಇವರನ್ನು ವಾರ್ಡಿಗೆ ಬಿಡುವುದಿಲ್ಲ. ಅದಕ್ಕೊಂದು ತರಬೇತಿಯಿದೆ. ಆ ತರಬೇತಿಯ ಆರಂಭದ ಕಥೆ ಸ್ವಾರಸ್ಯಕರವಾಗಿದೆ. ಅಮೆರಿಕದ ಪಾದ್ರಿ ಆಂಟನ್ ಬಾಯ್ಸನ್ ಸ್ವತಃ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದವರು. ಅಲ್ಲಿ ರೋಗಿಯ ಅಂತರಂಗವನ್ನು ಕೇಳುವವರೇ ಇಲ್ಲವೆಂಬುದು ಅವರ ಅನುಭವಕ್ಕೆ ಬಂತು. ಗುಣಮುಖರಾದ ಮೇಲೆ 1925ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಮಾನಸಿಕ ಆಸ್ಪತ್ರೆಗೆ ಧರ್ಮಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆತಂದು, ಪುಸ್ತಕ ಓದುವಷ್ಟೇ ಶ್ರದ್ಧೆಯಿಂದ ರೋಗಿಗಳನ್ನು ಅರಿಯಲು ಕಲಿಸಿದರು.

ಇಂದು ಅಮೆರಿಕದಲ್ಲಿ ಈ ತರಬೇತಿಯ ಒಂದು ಘಟಕಕ್ಕೆ ಕನಿಷ್ಠ 400 ಗಂಟೆ ಬೇಕು. ಅದರ ಮುಖ್ಯ ವಿಧಾನ ಬಹಳ ಸರಳ. ಕಲಿಯುವವನು ರೋಗಿಯ ಜೊತೆ ಮಾತಾಡಿ ಬಂದ ಮೇಲೆ ರೋಗಿ ಹೇಳಿದ್ದನ್ನೂ ತಾನು ಹೇಳಿದ್ದನ್ನೂ ನೆನಪಿದ್ದಷ್ಟು ಹಾಗೆಯೇ ಬರೆಯಬೇಕು. ಹೆಸರು ಬರೆಯಬಾರದು. ಅನಂತರ ಗುರುವಿನ ಮತ್ತು ಸಹಪಾಠಿಗಳ ಮುಂದೆ ಓದಬೇಕು. ಇಲ್ಲಿ ರೋಗಿ ಏನನ್ನೋ ಹೇಳಹೊರಟಿದ್ದ, ನೀನೇಕೆ ಮಾತು ಬದಲಿಸಿದೆ? ಇಲ್ಲಿ ಅವನು ಅತ್ತಾಗ ನೀನೇಕೆ ಗಡಿಬಿಡಿಯಿಂದ ದುಆ ಆರಂಭಿಸಿದೆ, ಅವನ ಸಮಾಧಾನಕ್ಕೋ ನಿನ್ನ ಸಮಾಧಾನಕ್ಕೋ? ಹೀಗೆ ಪ್ರಶ್ನೆಗಳು ಬರುತ್ತವೆ. ಓದುಗರೇ, ಚಾಚಾರ ಬಳಿ ನಾನಾಡಿದ ಮಾತನ್ನು ನಾನೂ ಹೀಗೆ ಬರೆದು ಯಾರ ಮುಂದಾದರೂ ಓದಿದ್ದರೆ ಮರುದಿನವೇ ತಪ್ಪು ತಿಳಿಯುತ್ತಿತ್ತು. ಇನ್ನೂ ಹದಿನಾರು ದಿನ ಉಳಿದಿದ್ದವು.

ಇದು ಮುಸ್ಲಿಮರಿಗೆ ಸಲ್ಲದ ವಿದ್ಯೆ ಎಂದು ಯಾರೂ ಭಾವಿಸಬೇಕಾಗಿಲ್ಲ. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ, ಇಂಗ್ಲೆಂಡಿನ ಮಾರ್ಕ್‌ಫೀಲ್ಡ್‌ನಲ್ಲಿ ಮುಸ್ಲಿಮ್ ಚಾಪ್ಲೇನ್‌ಗಳಿಗಾಗಿ ಶಿಕ್ಷಣ ನಡೆದುಬಂದಿದೆ. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ಇಮಾಮರೂ ಮುಸ್ಲಿಮ್ ಮಹಿಳೆಯರೂ ಈ ಹುದ್ದೆಯಲ್ಲಿದ್ದಾರೆ. ಆದರೆ ಹಾವೇರಿ ಜಿಲ್ಲೆಯ ನಮಗೆ ಹತ್ತಿರದ ಮಾದರಿ ಅವರದಲ್ಲ, ಕೇರಳದ್ದು.

1993ರಲ್ಲಿ ಕಲ್ಲಿಕೋಟೆ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಶಮನದ ಒಂದು ಸಣ್ಣ ಚಿಕಿತ್ಸಾಲಯ ಆರಂಭಿಸಿದರು. ಗುಣವಾಗದ ಕಾಯಿಲೆಯವರ ನೋವನ್ನು ಇಳಿಸುವುದು, ಮನೆಯಲ್ಲೇ ನೋಡಿಕೊಳ್ಳುವುದು ಅದರ ಕೆಲಸ. ಇದಕ್ಕೆ ಪ್ಯಾಲಿಯೇಟಿವ್ ಕೇರ್ ಎಂದು ಹೆಸರು. ಕೆಲವೇ ವರ್ಷಗಳಲ್ಲಿ ಅವರಿಗೆ ತಿಳಿದುಬಂದುದೇನೆಂದರೆ, ಸಾಯುತ್ತಿರುವವನ ಅಗತ್ಯಗಳಲ್ಲಿ ಔಷಧ ಒಂದು ಭಾಗ ಮಾತ್ರ; ಉಳಿದುದನ್ನು ನೆರೆಹೊರೆಯವರೇ ಮಾಡಬೇಕು. ಮಲಪ್ಪುರಮ್, ಕಲ್ಲಿಕೋಟೆ ಕಡೆಗಳಲ್ಲಿ ಊರಿನ ಸಾಮಾನ್ಯ ಜನರೇ ಸ್ವಯಂಸೇವಕರಾದರು; ಅವರಲ್ಲಿ ಮುಸ್ಲಿಮರು ಬಹಳ ಮಂದಿ. ಅವರಿಗೆ ಕೊಟ್ಟ ತರಬೇತಿ 16 ಗಂಟೆಗಳ ಪಾಠ ಮತ್ತು ನಾಲ್ಕು ದಿನ ಅನುಭವಿಗಳ ಜೊತೆ ರೋಗಿಗಳ ಬಳಿ ಹೋಗುವುದು. ಅಷ್ಟೇ. ಕೇರಳ ಸರಕಾರ 2008ರಲ್ಲಿ ಇದನ್ನು ತನ್ನ ನೀತಿಯಾಗಿ ಅಂಗೀಕರಿಸಿತು. ಕಲ್ಲಿಕೋಟೆಯ ಸಂಸ್ಥೆಯನ್ನು 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಹಯೋಗ ಕೇಂದ್ರವಾಗಿ ಆರಿಸಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಆದರೆ ಹಲಗೇರಿಯ ರೋಗಿ ಬೆಂಗಳೂರಿಗೆ ಹೋಗಿ ಸಾಯಲು ಬಯಸುವುದಿಲ್ಲ.

16 ಗಂಟೆ ಎಂದರೆ ನಾಲ್ಕು ಭಾನುವಾರಗಳ ಮಾತು. ಒಂದು ಜಮಾಅತಿನಿಂದ ಇಬ್ಬರು ಗಂಡಸರು, ಇಬ್ಬರು ಹೆಂಗಸರು ಕಲಿತರೆ ಸಾಕು. ಎಲ್ಲರೂ ಕಲಿಯಬೇಕಾಗಿಲ್ಲ, ನಿಜ ಹೇಳಬೇಕೆಂದರೆ ಎಲ್ಲರಿಗೂ ಅದು ಒಗ್ಗುವುದೂ ಇಲ್ಲ. ಜುಮುಆದಲ್ಲಿ ಬಹಳ ಚೆನ್ನಾಗಿ ಭಾಷಣ ಮಾಡುವವರು ರೋಗಿಯ ಬಳಿ ಐದು ನಿಮಿಷ ಸುಮ್ಮನೆ ಕೂರಲಾರದೆ ಒದ್ದಾಡುವುದನ್ನು ನಾನು ನೋಡಿದ್ದೇನೆ.

ಕಲಿಯಬೇಕಾದುದೇನು? ರೋಗಿಯ ನಮಾಝ್, ತಯಮ್ಮುಮ್‌ಗಳ ವಿಷಯ ಆಗಲೇ ಹೇಳಿದೆ. ರಮಝಾನಿನಲ್ಲಿ ಸಕ್ಕರೆ ಕಾಯಿಲೆಯವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಉಪವಾಸ ಬಿಟ್ಟುದಕ್ಕೆ ಕಳ್ಳರಂತೆ ತಲೆ ತಗ್ಗಿಸುತ್ತಾರೆ. ವೈದ್ಯರು ಬೇಡವೆಂದರೂ ಹಟ ಹಿಡಿದು ಉಪವಾಸ ಮಾಡಿ ಪ್ರಜ್ಞೆ ತಪ್ಪಿದವರೂ ಇದ್ದಾರೆ. ರೋಗಿಗೆ ವಿನಾಯಿತಿ ಕೊಟ್ಟವನು ಅಲ್ಲಾಹನೇ ಎಂದು, ಗುಣವಾಗುವ ನಿರೀಕ್ಷೆಯಿಲ್ಲದವರಿಗೆ ಫಿದ್‌ಯಾ ಇದೆಯೆಂದು ಅವರಿಗೆ ಹೇಳುವವರು ಬೇಕು. ಆರೋಗ್ಯವಿದ್ದಾಗ ಮಾಡುತ್ತಿದ್ದ ಸತ್ಕರ್ಮಗಳ ಪುಣ್ಯ ಕಾಯಿಲೆಯಲ್ಲಿ ಮಾಡಲಾಗದಿದ್ದರೂ ಬರೆಯಲ್ಪಡುತ್ತದೆ ಎಂಬ ಬುಖಾರಿಯ ಹದೀಸಿನ ಸಾರವನ್ನು ಮೆಲ್ಲಗೆ ಕಿವಿಯಲ್ಲಿ ಹೇಳಿದಾಗ ಮುದುಕರ ಮುಖ ಹೇಗೆ ಅರಳುತ್ತದೆಂಬುದನ್ನು ನೋಡಿಯೇ ತಿಳಿಯಬೇಕು.

ಆಸ್ಪತ್ರೆಯ ಶಿಸ್ತೂ ಇದರಲ್ಲಿ ಸೇರಿದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಬಾಯಿಗೆ ಏನೂ ಹಾಕಬಾರದೆಂದಿರುವಾಗ ಪ್ರೀತಿಯಿಂದ ಝಮ್‌ಝಮ್ ಕುಡಿಸಿ ಖರ್ಜೂರ ತಿನ್ನಿಸುವವರಿದ್ದಾರೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯವೆಂದು ಅವರಿಗೆ ಗೊತ್ತಿರುವುದಿಲ್ಲ. ಕ್ಯಾನ್ಸರ್ ಔಷಧ ಪಡೆಯುತ್ತಿರುವವರಿಗೆ ಸೋಂಕು ಬೇಗ ತಗಲುತ್ತದೆ. ನೆಗಡಿಯಾದವನು ಅವರನ್ನು ತಬ್ಬಿಕೊಳ್ಳುವುದಕ್ಕಿಂತ ಮನೆಯಲ್ಲೇ ದುಆ ಮಾಡುವುದು ಲೇಸು.

ಗುಟ್ಟು ಕಾಯುವುದು ಇನ್ನೊಂದು ದೊಡ್ಡ ಪಾಠ. ರೋಗಿ ನಂಬಿ ಹೇಳಿದ ಮಾತು ಅಮಾನತ್. ನಾವೋ, ದುಆಕ್ಕಾಗಿ ಎಂಬ ನೆಪದಲ್ಲಿ ಇಂಥವರ ಮಗಳಿಗೆ ಇಂಥ ಕಾಯಿಲೆಯೆಂದು ಮಸೀದಿಯ ಅಂಗಳದಲ್ಲೇ ಸಾರಿಬಿಡುತ್ತೇವೆ. ಕ್ಷಯ ಎಂದು ಗೊತ್ತಾದ ಹುಡುಗಿಗೆ ಗುಣವಾದ ಮೇಲೂ ವರ ಸಿಗುವುದಿಲ್ಲ.

ಹೆರಿಗೆ ವಾರ್ಡಿಗೆ ಗಂಡಸರು ಹೋಗಲಾರರು. ಹುಟ್ಟುವ ಮೊದಲೇ ಮಗುವನ್ನು ಕಳೆದುಕೊಂಡ ತಾಯಿಗೆ ‘ಹೋಗಲಿ ಬಿಡು, ಇನ್ನೊಂದಾಗುತ್ತೆ’ ಎನ್ನುವ ಅತ್ತೆ, ನಾದಿನಿಯರೇ ಹೆಚ್ಚು. ಆ ತಾಯಿ ಕೇಳುವ ಪ್ರಶ್ನೆ ಬೇರೆ: ನನ್ನ ಮಗುವಿಗೆ ಹೆಸರಿಡಬಹುದೇ? ಇಡಬಹುದು. ಅವಯವಗಳು ರೂಪುಗೊಂಡು ಸತ್ತು ಹುಟ್ಟಿದ ಮಗುವಿಗೆ ಹನಫೀ ಮಝ್‌ಹಬಿನಲ್ಲಿ ಜನಾಝಾ ನಮಾಝ್ ಇಲ್ಲದಿದ್ದರೂ ಸ್ನಾನ ಮಾಡಿಸಿ, ಬಟ್ಟೆಯಲ್ಲಿ ಸುತ್ತಿ ಗೌರವದಿಂದ ದಫನ ಮಾಡಬೇಕು. ಇದನ್ನು ಹೇಳಲು ತಿಳಿದ ಒಬ್ಬ ಆಪಾ ಅಲ್ಲಿರಬೇಕು. ನಮ್ಮ ಮುಅಲ್ಲಿಮಾಗಳಲ್ಲಿ ಇಂಥ ಕೆಲಸಕ್ಕೆ ಯೋಗ್ಯರಾದವರು ಬೇಕಾದಷ್ಟಿದ್ದಾರೆ, ಕರೆದವರಿಲ್ಲ.

ಕೊನೆಯುಸಿರಿನ ಹೊತ್ತಿನಲ್ಲಿ ಕಲಿಮಾ ನೆನಪಿಸಬೇಕೆಂಬುದು ಸುನ್ನತ್. ಆದರೆ ವಿದ್ವಾಂಸರು ಅದರ ರೀತಿಯನ್ನೂ ಹೇಳಿದ್ದಾರೆ: ಒಮ್ಮೆ ಹೇಳಿಕೊಟ್ಟ ಮೇಲೆ ಒತ್ತಾಯಿಸಬಾರದು, ಬೇಸರ ಹುಟ್ಟಿಸಬಾರದು. ಇಮಾಮ್ ಅಬ್ದುಲ್ಲಾ ಬಿನ್ ಮುಬಾರಕ್(ರಹ್) ಮರಣಶಯ್ಯೆಯಲ್ಲಿದ್ದಾಗ ಒಬ್ಬನು ಪದೇ ಪದೇ ಹೇಳಿಸಲು ತೊಡಗಿದ. ನಾನು ಒಮ್ಮೆ ಹೇಳಿದ್ದೇನೆ, ಬೇರೆ ಮಾತಾಡುವವರೆಗೆ ಅದೇ ನನ್ನ ಕೊನೆಯ ಮಾತು ಎಂದು ಅವರೇ ಅವನನ್ನು ತಡೆಯಬೇಕಾಯಿತು.

ರೋಗಿಯ ಜೊತೆಗೆ ಇರುವವರನ್ನು ಮರೆಯಬಾರದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸಿ ದಿನಗೂಲಿ ತರುವ ಹೆಣ್ಣುಮಗಳು ಗಂಡನ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಹತ್ತು ದಿನ ಮಲಗಿದರೆ ಅವಳ ಹತ್ತು ದಿನದ ಕೂಲಿ ಹೋಯಿತು, ನಿದ್ದೆಯೂ ಹೋಯಿತು. ಅಂಥಲ್ಲಿ ನಾಲ್ಕು ಗಂಟೆ ನಾವು ಕೂತು, ನೀನು ಮನೆಗೆ ಹೋಗಿ ಮಕ್ಕಳನ್ನು ನೋಡಿ ಬಾ ತಂಗೀ ಎನ್ನುವುದು ಯಾವ ಪ್ರವಚನಕ್ಕೂ ಕಡಿಮೆಯಲ್ಲ.

ಈಗ ನಾವು ನಾಲ್ಕು ಮಂದಿ ಒಂದು ಸಣ್ಣ ಕ್ರಮ ಇಟ್ಟುಕೊಂಡಿದ್ದೇವೆ. ತಿಂಗಳಿಗೊಮ್ಮೆ ಇಶಾ ಆದ ಮೇಲೆ ಮೌಲವಿ ಸಾಹೇಬರ ಜೊತೆ ಕೂತು, ಯಾವ ರೋಗಿಯ ಬಳಿ ಏನು ಕೇಳಿದೆವು, ಏನು ಹೇಳಿದೆವು ಎಂಬುದನ್ನು ಹೆಸರಿಲ್ಲದೆ ಓದುತ್ತೇವೆ. ತಪ್ಪುಗಳು ಬಹಳ ಸಿಗುತ್ತವೆ. ನಿವೃತ್ತರಾದ ಒಬ್ಬ ನರ್ಸಮ್ಮ, ನಮ್ಮ ಧರ್ಮದವರಲ್ಲ, ಎರಡು ಸಲ ಬಂದು ಕೈ ತೊಳೆಯುವುದರಿಂದ ಹಿಡಿದು ಹಲವು ವಿಷಯ ಹೇಳಿಕೊಟ್ಟರು. ಮೌಲವಿ ಸಾಹೇಬರು ಅವರಿಂದ ಮೂತ್ರದ ನಳಿಗೆಯ ಬಗ್ಗೆ ವಿವರವಾಗಿ ಕೇಳಿ ತಿಳಿದುಕೊಂಡರು, ಮಸ್‌ಅಲಾ ಸರಿಯಾಗಿ ಹೇಳಬೇಕಲ್ಲ ಎಂದು.

ನನ್ನ ಚೀಲದಲ್ಲಿ ತಯಮ್ಮುಮ್‌ಗೆಂದು ತುಂಗಭದ್ರೆಯ ದಂಡೆಯಿಂದ ತಂದು ತೊಳೆದಿಟ್ಟ ಒಂದು ಅಂಗೈಯಗಲದ ಕಲ್ಲಿದೆ. ಹೋದ ತಿಂಗಳು ವಾರ್ಡಿನಲ್ಲಿ ಒಬ್ಬ ಮುದುಕರ ಕೈಯನ್ನು ಅದರ ಮೇಲಿಡಿಸಿ, ಮುಖ ಸವರಿಕೊಳ್ಳಲು ನೆರವಾದೆ. ಅವರು ಮಲಗಿದಲ್ಲೇ ಝುಹರ್ ಮುಗಿಸಿದರು. ಪಕ್ಕದ ಮಂಚದಲ್ಲಿ ಮಗನನ್ನು ಮಲಗಿಸಿಕೊಂಡಿದ್ದ ಅಜ್ಜಿಯೊಬ್ಬರು, ಹಣೆಗೆ ವಿಭೂತಿ ಇಟ್ಟವರು, ಎಲ್ಲವನ್ನೂ ನೋಡುತ್ತಿದ್ದರು. “ಏನಪಾ ಅದು ಕಲ್ಲು?” ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಮಗಗೂ ಒಂದೀಟು ಕೇಳ್ರಿ ನಿಮ್ಮ ದೇವ್ರ ಹತ್ರ” ಎಂದರು. ಮುದುಕರು ಮಲಗಿದಲ್ಲಿಂದಲೇ ಕೈಯೆತ್ತಿದರು. ನಾನು ಅಜ್ಜಿಯನ್ನು ಮಗನ ಹೆಸರು ಕೇಳಿದೆ.